ಅಕ್ಕ ನೋಡದ ಕಾಲೇಜು

ಈ ಸಲ ಜೂನ್ ತಿಂಗಳ ಒಂದು ಸಂಜೆ ಬಂಗಾರಪೇಟೆಯಲ್ಲಿ ನಮ್ಮಕ್ಕನ ಮನೆಯ ಜಗಲಿಯ ಮೇಲೆ ಸಣ್ಣದೊಂದು ಸಭೆ ಸೇರಿತ್ತು. ಅಕ್ಕನ ಮಗ, ಸೊಸೆ, ಮೊಮ್ಮಗಳು ಮತ್ತು ನಾನು. ಮಧ್ಯದಲ್ಲಿ ನಮ್ಮೂರಿನ ಪಾನಿಪೂರಿ ಪೊಟ್ಟಣ. ಬೇರೆ ಊರಿನ ಪಾನಿ ಹಸಿರಾಗಿರುತ್ತದೆ, ನಮ್ಮದು ಬಾವಿಯ ನೀರಿನ ಹಾಗೆ ತಿಳಿ. ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು. ಅಂದು ಯಾರ ಗಮನವೂ ಅದರ ಮೇಲಿರಲಿಲ್ಲ.

ಮೊಮ್ಮಗಳು ಪಿಯುಸಿ ಚೆನ್ನಾಗಿ ಪಾಸು ಮಾಡಿದ್ದಾಳೆ. ಬಿ.ಎಸ್ಸಿ. ಓದುತ್ತೇನೆ, ಅದೂ ಭೌತವಿಜ್ಞಾನವೇ ಬೇಕು, ಬೆಂಗಳೂರಿನಲ್ಲೇ ಓದಬೇಕು ಎಂದು ಹಟ ಹಿಡಿದಿದ್ದಾಳೆ. ಅವಳಪ್ಪ ಕೋಲಾರದಲ್ಲೇ ಸೇರಲಿ ಅಂದ. ಅವಳಮ್ಮ, ಬೆಂಗಳೂರಾದರೆ ಹಾಸ್ಟೆಲ್ ಹುಡುಕಿ ಅಂದಳು. ಹುಡುಗಿ ಮಾತ್ರ, "ನಾನು ದಿನಾ ರೈಲಲ್ಲಿ ಹೋಗಿ ಬರ್ತೀನಿ. ತಾತ ಹೋಗಿ ಬರ್ತಿರಲಿಲ್ವಾ?" ಎಂದು ನನ್ನ ಕಡೆ ಕೈ ತೋರಿಸಿದಳು.

ಎಲ್ಲರೂ ನನ್ನ ಮುಖ ನೋಡಿದರು. ಅಕ್ಕ ಒಬ್ಬಳು ನೋಡಲಿಲ್ಲ. ಅವಳು ಮೂಲೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಅವಳಿಗೀಗ 76.

"ಅದು ಸರಿ ತಾತ, ಒಳ್ಳೊಳ್ಳೆ ಕಾಲೇಜೆಲ್ಲಾ ಬೆಂಗಳೂರಲ್ಲೇ ಯಾಕೆ ಕಟ್ಟಿದ್ರು? ನಮ್ಮ ಕಡೆಯವರು ಏನು ಮಾಡ್ತಿದ್ರು?" ಎಂದು ಹುಡುಗಿ ಕೇಳಿದಳು.

ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಯಾರಾದರೂ ಪ್ರಶ್ನೆ ಕೇಳಿದರೆ ಸುಮ್ಮನಿರುವ ಅಭ್ಯಾಸವಿಲ್ಲ. ಅಂದು ಸಂಜೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಅವಳಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ವಿಷಯವೂ ಇದರಲ್ಲಿದೆ.

ಬೆಂಗಳೂರಿಗೂ ಕಾಲೇಜು ದೂರವಿತ್ತು

ಬೆಂಗಳೂರು ಹುಟ್ಟುವಾಗಲೇ ಕಾಲೇಜುಗಳ ಊರಾಗಿರಲಿಲ್ಲ. 1858ರಲ್ಲಿ ಅಲ್ಲೊಂದು ಸರ್ಕಾರಿ ಹೈಸ್ಕೂಲು ಶುರುವಾಯಿತು. 1875ರಲ್ಲಿ ಅದು ಸೆಂಟ್ರಲ್ ಕಾಲೇಜಾಯಿತು. ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಕಲ್ಲಿನ ಕಟ್ಟಡ, ಅದರ ಮೇಲೊಂದು ಗಡಿಯಾರದ ಗೋಪುರ ಇದೆಯಲ್ಲ, ಅದೇ. ಆದರೆ ಕಾಲೇಜು ಬೆಂಗಳೂರಿನಲ್ಲಿದ್ದರೂ ಪದವಿ ಬರುತ್ತಿದ್ದುದು ಮದರಾಸಿನಿಂದ. ನಮ್ಮ ಹುಡುಗರು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಬೇಕಾಗಿತ್ತು. 1882ರಲ್ಲಿ ಶುರುವಾದ ಸೇಂಟ್ ಜೋಸೆಫ್ಸ್ ಸಂಸ್ಥೆಯೂ ಆ ಕಾಲದ್ದೇ.

ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಮೊದಮೊದಲ ಹುಡುಗರಲ್ಲಿ ಒಬ್ಬ ನಮ್ಮ ಜಿಲ್ಲೆಯವನು. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಮುದ್ದೇನಹಳ್ಳಿ ಆಗ ಕೋಲಾರ ಜಿಲ್ಲೆಯಲ್ಲಿತ್ತು. ತಂದೆಯನ್ನು ಕಳೆದುಕೊಂಡಿದ್ದ ಆ ಹುಡುಗ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಅದರಿಂದ ಬಂದದ್ದರಲ್ಲಿ ಓದಿ ಬಿ.ಎ. ಮಾಡಿದ. ಮುಂದೆ ಎಂಜಿನಿಯರಿಂಗ್ ಓದುವ ಆಸೆ. ಮೈಸೂರು ಸಂಸ್ಥಾನದಲ್ಲಿ ಅಂಥ ಕಾಲೇಜೇ ಇರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ದೂರದ ಪುಣೆಗೆ ಹೋದ.

ಆ ಹುಡುಗನೇ ಸರ್ ಎಂ. ವಿಶ್ವೇಶ್ವರಯ್ಯ. ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡದ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಅದಕ್ಕೆ ಸೇರಿದವು. ಪದವಿಗಾಗಿ ಮದರಾಸಿನ ಕಡೆ ನೋಡುವುದು ಅಲ್ಲಿಗೆ ತಪ್ಪಿತು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಕೆ.ಆರ್. ವೃತ್ತದಲ್ಲಿರುವ ಅದನ್ನು ಈಗ ಎಲ್ಲರೂ ಯು.ವಿ.ಸಿ.ಇ. ಅನ್ನುತ್ತಾರೆ. ವಿಶ್ವೇಶ್ವರಯ್ಯನವರ ಹೆಸರೇ ಅದಕ್ಕಿದೆ.

"ನೋಡು ಪುಟ್ಟಿ, ತಾನು ಪುಣೆಯವರೆಗೆ ಹೋಗಬೇಕಾಯಿತಲ್ಲ, ನನ್ನ ಹಿಂದಿನವರು ಹೋಗಬೇಕಾಗಬಾರದು ಅಂತ ಅವರಿಗೆ ಅನ್ನಿಸಿರಬೇಕು. ದೂರ ಹೋದವರೇ ಮಿಕ್ಕವರಿಗೆ ದಾರಿ ಹತ್ತಿರ ಮಾಡಿದ್ದು" ಅಂದೆ.

ನಮ್ಮೂರಿನ ಪಾಲು

ಹುಡುಗಿಗೆ ಇನ್ನೂ ಸಮಾಧಾನವಿರಲಿಲ್ಲ. "ಹಾಗಾದ್ರೆ ಕೆ.ಜಿ.ಎಫ್. ಏನು ಮಾಡ್ತು?" ಎಂದಳು.

ಕೆ.ಜಿ.ಎಫ್. ಮಾಡಿದ್ದು ಕಡಿಮೆಯೇನಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ನಮ್ಮಲ್ಲಿ ಚಿನ್ನ ತೆಗೆಯಲು ತೊಡಗಿತು. ತೆಗೆದ ಬಂಗಾರದ ಮೇಲೆ ಮೈಸೂರು ಸರ್ಕಾರಕ್ಕೆ ರಾಜಧನ ಬರುತ್ತಿತ್ತು. ಅದು ಸೇರುತ್ತಿದ್ದುದು ಸಂಸ್ಥಾನದ ಬೊಕ್ಕಸಕ್ಕೆ. ಶಾಲೆ ಕಾಲೇಜುಗಳಿಗೆ ಹಣ ಹೋಗುತ್ತಿದ್ದುದೂ ಅದೇ ಬೊಕ್ಕಸದಿಂದ.

ಗಣಿಯ ಯಂತ್ರಗಳನ್ನು ಓಡಿಸಲು ವಿದ್ಯುತ್ ಬೇಕಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದಲ್ಲಿ ಕೆಲಸ ಶುರುವಾಗಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ಕಾವೇರಿಯ ವಿದ್ಯುತ್ ಕೆ.ಜಿ.ಎಫ್.ಗೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಬೆಂಗಳೂರಿನ ಹುಡುಗರು ವಿದ್ಯುತ್ ದೀಪದ ಕೆಳಗೆ ಪುಸ್ತಕ ಬಿಚ್ಚುವ ಮೊದಲೇ ನಮ್ಮ ಗಣಿಯಲ್ಲಿ ಆ ಬೆಳಕಿತ್ತು.

ಅದಾದ ಕೆಲವೇ ವರ್ಷಗಳಲ್ಲಿ ಬೆಂಗಳೂರಿಗೆ ದೊಡ್ಡದೊಂದು ವಿದ್ಯಾಸಂಸ್ಥೆ ಬಂತು. ಜೆಮ್ಷೆಡ್‌ಜಿ ಟಾಟಾ ಅವರು ಕನಸು ಕಂಡ ಭಾರತೀಯ ವಿಜ್ಞಾನ ಸಂಸ್ಥೆ. ಮೈಸೂರು ಸಂಸ್ಥಾನ ಅದಕ್ಕೆ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಶುರುವಿನಲ್ಲೇ ತೆರೆದ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. ಟಾಟಾ ಅವರು 1904ರಲ್ಲೇ ತೀರಿಕೊಂಡಿದ್ದರು, ಅವರಿಗೆ ಅದನ್ನು ನೋಡಲಾಗಲಿಲ್ಲ. ಆದರೆ ಬೆಂಗಳೂರಿನ ಹಳಬರು ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ನಮ್ಮೂರಿನ ರೈಲೂ ಗಣಿಯ ದೆಸೆಯಿಂದಲೇ ಬಂದದ್ದು. ಬೆಂಗಳೂರು–ಜೋಲಾರಪೇಟೆ ದಾರಿ 1864ರಲ್ಲೇ ಆಗಿತ್ತು. ಆ ಕಾಲದ ಕಮಿಷನರ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆಯೇ ನಮ್ಮ ಬಂಗಾರಪೇಟೆ. ಇಲ್ಲಿಂದ ಮಾರಿಕುಪ್ಪಂಗೆ ಕವಲು ದಾರಿ ಹಾಕಿದ್ದು 1894ರಲ್ಲಿ, ಗಣಿಗಾಗಿ. ಮುಂದೆ ಅದೇ ದಾರಿಯಲ್ಲಿ ಗಣಿ ಕಾರ್ಮಿಕರ ಮಕ್ಕಳು ಓದಲು ಬೆಂಗಳೂರಿಗೆ ಹೋದರು.

ನಡೆದೇ ಹೋದ ಹುಡುಗ

ಎಲ್ಲರಿಗೂ ರೈಲಿರಲಿಲ್ಲ, ಇದ್ದವರ ಜೇಬಿನಲ್ಲೂ ಕಾಸಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಕೂಡ ಆಗ ನಮ್ಮ ಜಿಲ್ಲೆಯೇ. ಅಲ್ಲಿನ ಬಡ ಮನೆಯ ಹುಡುಗನೊಬ್ಬ 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದ. ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ. 1942ರಲ್ಲಿ ಚಲೇಜಾವ್ ಚಳವಳಿ ಬಂದಾಗ ಓದು ಬಿಟ್ಟು ಜೈಲಿಗೆ ಹೋದ, ಹೊರಗೆ ಬಂದ ಮೇಲೆ ಓದು ಮುಗಿಸಿದ.

ಅವರೇ ಡಾ. ಎಚ್. ನರಸಿಂಹಯ್ಯ, ಎಲ್ಲರ ಎಚ್ಚೆನ್. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ವಾಪಸು ಬಂದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ, ಕೊನೆಯವರೆಗೂ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಎಲ್ಲವನ್ನೂ ಪ್ರಶ್ನಿಸಿ ಎಂದು ಹುಡುಗರಿಗೆ ಹೇಳುತ್ತಿದ್ದರು. ತಾವು ನಡೆದುಬಂದ ಕಡೆಯನ್ನು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಲ್ಲೂ ನ್ಯಾಷನಲ್ ಕಾಲೇಜು ಆಗುವಂತೆ ಮಾಡಿದರು.

ಕಾಲೇಜಿನ ಮೆಟ್ಟಿಲು ಹತ್ತದೆಯೇ ದಾರಿ ಮಾಡಿಕೊಟ್ಟವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಕೂಡ ಪಾಸಾಗಿರಲಿಲ್ಲ. ಅವರು 1945ರಲ್ಲಿ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಗೌರವ ಕೊಟ್ಟಿತು.

ಇಷ್ಟು ಹೇಳುವಾಗ ಅಕ್ಕ ಒಮ್ಮೆ ತಲೆ ಎತ್ತಿದಳು. ಮತ್ತೆ ಹುರುಳಿಕಾಯಿಯ ಕಡೆ ತಿರುಗಿದಳು.

ಹೆಣ್ಣುಮಕ್ಕಳಿಗೆ ಬಾಗಿಲು

ಬೆಂಗಳೂರಿನಲ್ಲಿ ಕಾಲೇಜು ಆಯಿತು ಅಂದರೆ ಎಲ್ಲರಿಗೂ ಆಯಿತು ಎಂದಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಳು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಐದು ವರ್ಷಗಳ ಹಿಂದೆ, 1928ರ ಮಾರ್ಚ್ 16ರಂದು, ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಉಪನ್ಯಾಸ ಮಾಡಿ ತಮ್ಮ ಹೊಸ ಶೋಧವನ್ನು ವಿಜ್ಞಾನಿಗಳ ಮುಂದಿಟ್ಟವರು, ಅದಕ್ಕೇ ನೊಬೆಲ್ ಪಡೆದವರು. ಅಂಥ ದೊಡ್ಡವರೂ ಹೆಣ್ಣು ಎಂಬ ಕಾರಣಕ್ಕೆ ಅವಳನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಮಲಾ ಬಿಡಲಿಲ್ಲ, ಹಟ ಹಿಡಿದು ಕೂತಳು. ಕೊನೆಗೆ ಹಲವು ಷರತ್ತು ಹಾಕಿ ಸೇರಿಸಿಕೊಂಡರು. ಅವಳ ಕೆಲಸ ನೋಡಿದ ಮೇಲೆ ಆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಆ ಬಾಗಿಲಿನಿಂದ ಒಳಗೆ ಹೋದವರಲ್ಲಿ ನಮ್ಮ ಕನ್ನಡದ ಹೆಣ್ಣುಮಗಳು ರಾಜೇಶ್ವರಿ ಚಟರ್ಜಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1940ರ ದಶಕದಲ್ಲಿ ವಿಜ್ಞಾನ ಸಂಸ್ಥೆಗೆ ಸೇರಿದರು. ಅಮೆರಿಕದ ಮಿಷಿಗನ್‌ನಲ್ಲಿ ಓದಿ ವಾಪಸು ಬಂದು, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಪಾಠ ಹೇಳಿದರು.

1938ರಲ್ಲಿ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಮಹಾರಾಣಿ ಕಾಲೇಜು, 1948ರಲ್ಲಿ ಮೌಂಟ್ ಕಾರ್ಮೆಲ್ ಶುರುವಾದವು. ಆ ಹೊತ್ತಿನಿಂದ ಕಾಲೇಜುಗಳು ಒಂದರ ಹಿಂದೊಂದು ಬಂದವು. 1945ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಕಟ್ಟಿದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು. ಸಂಸ್ಥಾನದ ಮೊದಲ ಮೆಡಿಕಲ್ ಕಾಲೇಜು ಕೂಡ 1924ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ, 1930ರಲ್ಲಿ ಅದು ಮೈಸೂರಿಗೆ ಹೋಯಿತು. 1964ರಲ್ಲಿ ಬೆಂಗಳೂರಿಗೆ ಎರಡು ವಿಶ್ವವಿದ್ಯಾಲಯ ಬಂದವು. ಒಂದು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ, ಇನ್ನೊಂದು ಜುಲೈ 10ರಂದು ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ. ಸೆಂಟ್ರಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಮೈಸೂರಿನ ತೆಕ್ಕೆಯಿಂದ ಇದಕ್ಕೆ ಬಂದವು. ಜ್ಞಾನಭಾರತಿಯ ವಿಶಾಲವಾದ ಜಾಗಕ್ಕೆ ಅದು ಹೋಗಿದ್ದು 1970ರ ದಶಕದಲ್ಲಿ. ಮುಂದೆ ನಮ್ಮ ಕೋಲಾರ ಜಿಲ್ಲೆಯ ಕಾಲೇಜುಗಳೂ ಅದರ ವ್ಯಾಪ್ತಿಗೆ ಸೇರಿದವು.

1965ರ ಒಂದು ಪ್ರಶ್ನೆ

ನಮ್ಮಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಪಾಳಿಯ ಸೈರನ್ ಕೂಗಿದಾಗ ಏಳುವುದು, ಮತ್ತೊಂದು ಸೈರನ್ನಿಗೆ ಊಟ. ರಾತ್ರಿ ಒಮ್ಮೊಮ್ಮೆ ನೆಲದಾಳದಲ್ಲಿ ಬಂಡೆ ಸಿಡಿದು, ನಮ್ಮ ಅಡುಗೆಮನೆಯ ಪಾತ್ರೆ ಗಲಗಲ ಅನ್ನುತ್ತಿತ್ತು. ಆಗ ಯಾರ ಮನೆಯವರು ಒಳಗಿದ್ದಾರೋ ಎಂದು ಅಮ್ಮ ಕೂತಲ್ಲೇ ಕೈ ಮುಗಿಯುತ್ತಿದ್ದಳು.

1965ರಲ್ಲಿ ಅಪ್ಪ ಮನೆಗೆ ಒಂದು ಸುದ್ದಿ ತಂದರು. ಚಾಂಪಿಯನ್ ರೀಫ್ ಗಣಿಯೊಳಕ್ಕೆ ಮುಂಬಯಿಯ ವಿಜ್ಞಾನಿಗಳು ಇಳಿಯುತ್ತಿದ್ದಾರಂತೆ, ಜಪಾನಿನವರು, ಇಂಗ್ಲೆಂಡಿನವರೂ ಇದ್ದಾರಂತೆ, ಚಿನ್ನ ಹುಡುಕುವುದಕ್ಕಲ್ಲವಂತೆ, ಕಣ್ಣಿಗೆ ಕಾಣದ ಯಾವುದೋ ಕಣವನ್ನು ಹಿಡಿಯುವುದಕ್ಕಂತೆ!

ಊಟಕ್ಕೆ ಕೂತಿದ್ದ ಅಕ್ಕ ಕೈ ನಿಲ್ಲಿಸಿ ಕೇಳಿದಳು: "ಕಾಣದೇ ಇರೋದನ್ನ ಹೇಗಪ್ಪಾ ಹಿಡೀತಾರೆ? ಹಿಡಿಯೋದಕ್ಕೆ ಅಷ್ಟು ಆಳಕ್ಕೆ ಯಾಕೆ ಹೋಗಬೇಕು?"

ಅಪ್ಪನಿಗೆ ಗೊತ್ತಿರಲಿಲ್ಲ. "ಊಟ ಮಾಡಮ್ಮ" ಅಂದರು.

ಅಕ್ಕ ಆ ವರ್ಷ ಎಸ್.ಎಸ್.ಎಲ್.ಸಿ. ಪಾಸಾಗಿದ್ದಳು, ಫಸ್ಟ್ ಕ್ಲಾಸಿನಲ್ಲಿ. ಲೆಕ್ಕದಲ್ಲಿ, ವಿಜ್ಞಾನದಲ್ಲಿ ಅವಳನ್ನು ಮೀರಿಸುವವರು ಅವಳ ಶಾಲೆಯಲ್ಲಿರಲಿಲ್ಲ. ಅವಳ ಟೀಚರಮ್ಮ ಮನೆಗೇ ಬಂದು, ಬೆಂಗಳೂರಿನ ಮಹಾರಾಣಿ ಕಾಲೇಜಿಗೆ ಕಳಿಸಿ ಎಂದು ಅಪ್ಪನನ್ನು ಕೇಳಿಕೊಂಡರು. ಅಪ್ಪ ಕೆಟ್ಟವರಲ್ಲ. ಆದರೆ, "ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರಬೇಕು ತಾಯಿ. ಹೆಣ್ಣುಮಗು. ಹಾಸ್ಟೆಲಿಗೆ ಹಾಕೋ ಶಕ್ತಿ ನನಗಿಲ್ಲ" ಅಂದರು. ಅಕ್ಕ ಒಳಗೆ ಕಾಫಿ ಸೋಸುತ್ತಿದ್ದಳು. ಕಾಫಿ ತಂದುಕೊಟ್ಟಳು. ಏನೂ ಹೇಳಲಿಲ್ಲ. ಎರಡು ವರ್ಷಕ್ಕೆ ಬಂಗಾರಪೇಟೆಗೆ ಮದುವೆ ಮಾಡಿಕೊಟ್ಟರು.

1971ರಲ್ಲಿ ನನ್ನ ಸರದಿ ಬಂತು. ನನ್ನ ನಂಬರು ಅಕ್ಕನ ನಂಬರಿಗಿಂತ ಕಡಿಮೆ. ನನ್ನನ್ನು ಬೆಂಗಳೂರಿನ ಒಂದು ಸರ್ಕಾರಿ ಕಾಲೇಜಿಗೆ ಸೇರಿಸಿದರು. ರೈಲಿಗೆ ಅನುಕೂಲವಾಗಲಿ ಎಂದು ಅಕ್ಕನ ಮನೆಯಲ್ಲೇ ಇರಿಸಿದರು. ಅವಳು ನಾಲ್ಕು ಗಂಟೆಗೆ ಎದ್ದು ರಾಗಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿ ಡಬ್ಬಿ ಕಟ್ಟುತ್ತಿದ್ದಳು. ಟೇಕಲ್, ಮಾಲೂರು, ವೈಟ್‌ಫೀಲ್ಡ್ ದಾಟಿ, ಕಂಟೋನ್ಮೆಂಟ್ ಬರುವ ಹೊತ್ತಿಗೆ ನನ್ನ ಅಂಗಿಯ ಮೇಲೆ ಇಂಜಿನ್ನಿನ ಮಸಿ. ಸಿಟಿ ಸ್ಟೇಷನ್ನಿನಲ್ಲಿ ಇಳಿದು ಮೆಜೆಸ್ಟಿಕ್ ದಾಟಿ ಕೆಂಪೇಗೌಡ ರಸ್ತೆಯಲ್ಲಿ ನಡೆದರೆ, ಸೆಂಟ್ರಲ್ ಕಾಲೇಜಿನ ಗಡಿಯಾರ ನೋಡಿ ತಡವಾಯಿತೋ ಇಲ್ಲವೋ ತಿಳಿಯುತ್ತಿತ್ತು.

ಸಂಜೆ ಮನೆಗೆ ಬಂದರೆ ಅಕ್ಕ ಡಬ್ಬಿ ಇಸಿದುಕೊಂಡು ಕೇಳುತ್ತಿದ್ದುದು ಒಂದೇ ಮಾತು: "ಇವತ್ತೇನು ಹೇಳಿಕೊಟ್ರೋ?"

ಸುಸ್ತಾಗಿದ್ದರೂ ಹೇಳಬೇಕು. ಅರ್ಥವಾಗುವಂತೆ ಹೇಳಬೇಕು. ಬಾಯಿಪಾಠ ಒಪ್ಪಿಸಿದರೆ, "ಅದು ಪುಸ್ತಕದ ಮಾತು, ನಿನ್ನ ಮಾತಲ್ಲಿ ಹೇಳು" ಅನ್ನುತ್ತಿದ್ದಳು. ನಾನು ಮೇಷ್ಟ್ರಾಗಲು ಕಲಿತದ್ದು ಬೆಂಗಳೂರಿನಲ್ಲಲ್ಲ, ಆ ಅಡುಗೆಮನೆಯಲ್ಲಿ.

ಎರಡನೇ ವರ್ಷದಲ್ಲಿ ನಮ್ಮ ಉಪನ್ಯಾಸಕರು ಒಂದು ದಿನ ಕೆ.ಜಿ.ಎಫ್. ಹೆಸರು ತೆಗೆದರು. ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. ಆಕಾಶದಿಂದ ಭೂಮಿಯ ಮೇಲೆ ಸದಾ ಕಣಗಳ ಮಳೆ ಸುರಿಯುತ್ತಿರುತ್ತದೆ ಎಂದು ಅವರು ಶುರು ಮಾಡಿದರು. ನ್ಯೂಟ್ರಿನೊ ಎಂಬುದು ಯಾವುದಕ್ಕೂ ಅಂಟದ, ಭೂಮಿಯನ್ನೇ ತೂರಿಕೊಂಡು ಹೋಗುವ ಕಣ. ಬಯಲಿನಲ್ಲಿ ಅದನ್ನು ಹುಡುಕಿದರೆ ಮಿಕ್ಕ ಕಣಗಳ ಗದ್ದಲದಲ್ಲಿ ತಿಳಿಯುವುದಿಲ್ಲ. ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದರೆ ಮೇಲಿನ ಬಂಡೆಯೇ ಜರಡಿ. ಮಿಕ್ಕವೆಲ್ಲ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತವೆ, ನ್ಯೂಟ್ರಿನೊ ಮಾತ್ರ ಬರುತ್ತದೆ. ಅಪರೂಪಕ್ಕೊಮ್ಮೆ ಅದು ಬಂಡೆಗೆ ಬಡಿದಾಗ ಬೇರೊಂದು ಕಣ ಹುಟ್ಟಿ ಚಿಮ್ಮುತ್ತದೆ. ಆ ಕಣ ಉಪಕರಣದಲ್ಲಿ ಬೆಳಕಿನ ಗುರುತು ಬಿಡುತ್ತದೆ. ಮೇಲಿನಿಂದಲ್ಲದೆ ಪಕ್ಕದಿಂದ ಬಂದ ಗುರುತು ಕಂಡರೆ, ಅದು ನ್ಯೂಟ್ರಿನೊ ಬಂದುಹೋದದ್ದರ ಸಾಕ್ಷಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪ್ರಪಂಚದಲ್ಲಿ ಮೊದಲ ಬಾರಿಗೆ ಕಂಡದ್ದು 1965ರಲ್ಲಿ. ನಮ್ಮ ಗಣಿಯಲ್ಲಿ, ಮತ್ತು ಹೆಚ್ಚುಕಡಿಮೆ ಅದೇ ಸಮಯಕ್ಕೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ.

ಆ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ನಂಜನಗೂಡಿನ ಬಿ.ವಿ. ಶ್ರೀಕಂಠನ್. ಅವರು ಎಚ್ಚೆನ್ ಓದು ಮುಗಿಸಿದ ಆಸುಪಾಸಿನ ವರ್ಷಗಳಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲೇ, ಆಮೇಲೆ ಅದು ಮುಂಬಯಿಗೆ ಹೋಯಿತು. ಆ ಸಂಸ್ಥೆ ಸೇರಿದ ಶ್ರೀಕಂಠನ್ 1951ರಲ್ಲಿ ಉಪಕರಣಗಳನ್ನು ಹೊತ್ತು ಕೆ.ಜಿ.ಎಫ್. ಗಣಿಗೆ ಇಳಿದರು. ನಮ್ಮ ಬಂಗಾರದ ಗುಂಡಿಯೇ ಅವರಿಗೆ ಪ್ರಯೋಗಶಾಲೆ.

ಅವತ್ತು ಸಂಜೆ ಬಂಗಾರಪೇಟೆಯಲ್ಲಿ ರೈಲು ಇಳಿದವನು ಮನೆಗೆ ಓಡಿದೆ. ಅಕ್ಕ ಕೇಳುವ ಮೊದಲೇ, "ಕಾಣದೇ ಇರೋದನ್ನ ಹೇಗೆ ಹಿಡೀತಾರೆ ಹೇಳ್ಲಾ?" ಅಂದೆ. ಅವಳಿಗೆ ತಕ್ಷಣ ನೆನಪಾಯಿತು. ಎಂಟು ವರ್ಷದ ಹಿಂದಿನ ಪ್ರಶ್ನೆ. ಕಂಕುಳಲ್ಲಿದ್ದ ಮಗುವನ್ನು ಕೆಳಗಿಳಿಸಿ ಪೂರ್ತಿ ಕೇಳಿದಳು. ಕೇಳಿ, ರಾಗಿ ಹಿಟ್ಟಿನ ಜರಡಿ ಎತ್ತಿ ತೋರಿಸಿ, "ಹೀಗಾ?" ಅಂದಳು. ನಮ್ಮ ಉಪನ್ಯಾಸಕರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಳು. ಆಮೇಲೆ ಒಲೆಯ ಕಡೆ ತಿರುಗಿ ಸುಮಾರು ಹೊತ್ತು ನನ್ನ ಕಡೆ ನೋಡಲಿಲ್ಲ.

ಮೊಮ್ಮಗಳಿಗೆ ಹೇಳದೆ ಉಳಿಸಿಕೊಂಡಿದ್ದ ವಿಷಯ ಇದು. ನಾನು ಕೂತ ಬೆಂಚು ನಿಜವಾಗಿ ಅವಳ ಅಜ್ಜಿಯದು.

ಈಗ ಎಷ್ಟು ದೂರ?

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈರನ್ ನಿಂತಿತು. ಸೈನೈಡ್ ದಿಬ್ಬಗಳು ಉಳಿದವು. ಊರಿಗೆ ಊರೇ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿತು. ಗಣಿಯ ಊರಿನಲ್ಲಿ ಇಳಿಯುವ ಕೇಜು ನಿಂತ ಮೇಲೆ ಹತ್ತುವ ರೈಲೇ ಜೀವನ. ಅದೇ ಡಬ್ಬಿಗಳಲ್ಲಿ ಕಾಲೇಜು ಮಕ್ಕಳೂ ಇದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೂ ಬೇಕಾದಷ್ಟು, ನನ್ನ ಕಾಲದಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾಯಿತು. ಒಂದು ಜ್ಞಾನಭಾರತಿಯಲ್ಲಿ ಉಳಿಯಿತು. ಇನ್ನೊಂದು ಹಳೆಯ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಮೂರನೆಯದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಅದರ ಕಚೇರಿ ಇರು‌ವುದು ಕೋಲಾರದ ಟಮಕದಲ್ಲಿ! ಹೆಸರು ಬೆಂಗಳೂರಿನದು, ಬಾಗಿಲು ನಮ್ಮ ಜಿಲ್ಲೆಯಲ್ಲಿ. ಮದರಾಸಿನಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಕೋಲಾರಕ್ಕೆ. ನೂರು ವರ್ಷದಲ್ಲಿ ವಿಶ್ವವಿದ್ಯಾಲಯ ಇಷ್ಟು ಹತ್ತಿರ ಬಂದಿದೆ.

"ಹಾಗಾದ್ರೆ ಕೋಲಾರಕ್ಕೇ ಹೋಗಬಹುದಲ್ಲ" ಅಂದ ಅವಳಪ್ಪ.

"ಹೋಗಬಹುದು. ಎಲ್ಲಿ ಹೋಗಬೇಕು ಅನ್ನೋದನ್ನ ಅವಳು ಹೇಳಲಿ. ಬಾಗಿಲು ಹತ್ತಿರ ಬಂದಿರೋದು ಹುಡುಗಿಯನ್ನ ಕಟ್ಟಿಹಾಕೋದಕ್ಕಲ್ಲ" ಅಂದೆ.

ಯಾರೂ ಮಾತಾಡಲಿಲ್ಲ. ಆಗ ಮೂಲೆಯಿಂದ ಅಕ್ಕ ಬಾಯಿ ಬಿಟ್ಟಳು. "ರೈಲಲ್ಲಿ ಹೋಗಲಿ. ಈಗೆಲ್ಲಾ ಕತ್ತಲು ಅಂತ ಯಾರು ಹೆದರ್ತಾರೆ? ಮಹಾರಾಣಿ ಕಾಲೇಜಿಗೆ ಹಾಕಿ. ಡಬ್ಬಿ ನಾನು ಕಟ್ಟಿಕೊಡ್ತೀನಿ."

ಅಲ್ಲಿಗೆ ಸಭೆ ಮುಗಿಯಿತು.

ಸೇರಿಸುವ ದಿನ ಅಕ್ಕನೂ ಹೊರಟಳು. ಬೆಂಗಳೂರಿಗೆ ಅವಳು ಮದುವೆಗೆ, ಆಸ್ಪತ್ರೆಗೆ ಎಷ್ಟೋ ಸಲ ಹೋಗಿದ್ದಾಳೆ. ಕಾಲೇಜೊಂದರ ಒಳಗೆ ಕಾಲಿಟ್ಟಿರಲಿಲ್ಲ. ದಾರಿಯಲ್ಲಿ ಸೆಂಟ್ರಲ್ ಕಾಲೇಜಿನ ಮುಂದೆ ಆಟೋ ನಿಲ್ಲಿಸಿ, "ಅಕ್ಕ, ನಾನು ಹೇಳ್ತಿದ್ದ ಗಡಿಯಾರ ಅದೇ" ಎಂದು ತೋರಿಸಿದೆ. ಕಣ್ಣ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ಇಷ್ಟೇನಾ? ನೀನು ಹೇಳ್ತಿದ್ದಾಗ ಇನ್ನೂ ದೊಡ್ಡದಾಗಿತ್ತು" ಅಂದಳು.

ಮಹಾರಾಣಿ ಕಾಲೇಜಿನಲ್ಲಿ ಅಪ್ಪ, ಮಗಳು ಕಾಗದ ಪತ್ರ ಹಿಡಿದು ಸಾಲಿನಲ್ಲಿ ನಿಂತರು. ನಾವಿಬ್ಬರೂ ಒಂದು ಮರದ ನೆರಳಲ್ಲಿ ಕೂತೆವು. ಹುಡುಗಿಯರು ಗುಂಪುಗುಂಪಾಗಿ ನಗುತ್ತಾ ಹೋಗುತ್ತಿದ್ದರು. ಅಕ್ಕ ಎಲ್ಲರನ್ನೂ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಅಪ್ಪ ಇದನ್ನ ಒಂದು ಸಲ ಬಂದು ನೋಡಿದ್ರೆ ಕಳಿಸ್ತಿದ್ರೇನೋ" ಅಂದಳು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದೂ ಇರಲಿಲ್ಲ.

ಈಗ ದಿನಾ ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ದೀಪ ಹತ್ತುತ್ತದೆ. ಸೊಸೆ ಎಷ್ಟು ಬೇಡವೆಂದರೂ ರೊಟ್ಟಿ ತಾನೇ ತಟ್ಟುತ್ತಾಳೆ. ಸಂಜೆ ರೈಲು ಬರುವ ಹೊತ್ತಿಗೆ ನಾನೂ ಅಲ್ಲಿಗೆ ಹೋಗಿ ಕೂರುತ್ತೇನೆ. ಹುಡುಗಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕ ಡಬ್ಬಿಗೆ ಕೈ ಚಾಚುತ್ತಾಳೆ.

"ಇವತ್ತೇನು ಹೇಳಿಕೊಟ್ರೇ?"